ನೈಜೀರಿಯಾ ಮಾವನ ಮನೆ

ಗುಬ್ಬಿಯಲ್ಲಿ ಕೂತು ನೈಜೀರಿಯಾ ದೇಶವನ್ನು ನಡೆಸುತ್ತಿದ್ದವರು ಯಾರಾದರೂ ನಿಮ್ಮ ನೆಂಟರಲ್ಲಿದ್ದಾರೆಯೇ? ನನ್ನ ಸೋದರಮಾವ ಇದ್ದರು! ತುಮಕೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದ ಮಾವ, ಎಪ್ಪತ್ತರ ದಶಕದ ನಡುವೆ ಆ ದೇಶಕ್ಕೆ ಪೆಟ್ರೋಲಿನ ಹಣ ಹೊಳೆಯಾಗಿ ಹರಿಯುತ್ತಿದ್ದಾಗ, ಅಲ್ಲಿನ ಯೋಜನಾ ಇಲಾಖೆಗೆ ಕಂಟ್ರಾಕ್ಟಿನ ಮೇಲೆ ಹೋದರು. ಕೆಲವು ವರ್ಷ ಬಿಟ್ಟು ಮಾವ ವಾಪಸು ಬಂದರು, ಮನಸ್ಸು ಬರಲಿಲ್ಲ. ಅವರು 'ನಮ್ಮ ದೇಶ' ಎಂದು ಶುರು ಮಾಡಿದರೆ ಯಾವುದು ಎಂದು ನಾವು ಕೇಳಬೇಕಾಗುತ್ತಿತ್ತು.

ಅಲ್ಲಿ ಅವರು ಕಣ್ಣಾರೆ ಕಂಡ ಅನಾಹುತವೊಂದಿತ್ತು. ದೇಶವನ್ನು ಒಂದೇ ಏಟಿಗೆ ಕಟ್ಟಿಬಿಡುವ ಉತ್ಸಾಹದಲ್ಲಿ ಸರ್ಕಾರ ಲೋಕದ ಸಿಮೆಂಟನ್ನೆಲ್ಲ ತರಿಸಿತು. ಇಳಿಸಿಕೊಳ್ಳಲು ಬಂದರಿನಲ್ಲಿ ಜಾಗವೇ ಇಲ್ಲ! ಲೇಗೋಸಿನ ಕಡಲಲ್ಲಿ ಹಡಗುಗಳು ತಿಂಗಳುಗಟ್ಟಲೆ ಕಾದವು, ಸಿಮೆಂಟು ಚೀಲದಲ್ಲೇ ಕಲ್ಲಾಯಿತು. ನಾವೋ ನಾಲ್ಕು ಮೂಟೆ ಸಿಮೆಂಟಿನ ಪರ್ಮಿಟ್ಟಿಗಾಗಿ ಕಚೇರಿ ಅಲೆಯುತ್ತಿದ್ದವರು. ಈ ಕಥೆ ಕೇಳಿ ಹೊಟ್ಟೆ ಉರಿದುಕೊಂಡೆವು. ಮಾವನಿಗೆ ಮಾತ್ರ ಅಂದಿನಿಂದ ಒಂದೇ ವ್ರತ: ಏನೇ ಬರಲಿ, ಇಳಿಸುವ ಜಾಗ ಮೊದಲು.

ಕುಣಿಗಲ್ಲಿನಲ್ಲಿ ನಮ್ಮವರ ಮದುವೆಯೊಂದಾಯಿತು. ಛತ್ರದ ಬಾಗಿಲಲ್ಲಿ ತರಕಾರಿ ಲಾರಿ ನಿಂತಿದೆ, ಹಿಂದೆಯೇ ಗಂಡಿನ ಕಡೆಯ ಬಸ್ಸು ಬರುತ್ತಿದೆ ಎಂದು ತಿಳಿದದ್ದೇ ತಡ, ಮಾವ ಓಡಿಹೋಗಿ ಬಸ್ಸನ್ನು ಕೆರೆ ಏರಿಯ ಮೇಲೆ ಅಡ್ಡಗಟ್ಟಿದರು. ಮದುವೆಗಂಡು ಬಾಸಿಂಗದ ಗಂಟು ಮಡಿಲಲ್ಲಿಟ್ಟುಕೊಂಡು ಕಾದ. ಬೀಗರು ಕೆಂಡವಾದರು. ಮಾವ ಶಾಂತವಾಗಿ ಹೇಳಿದರು:

"ಕುಂಬಳಕಾಯಿ ಇಳೀಲಿ ಸ್ವಾಮಿ. ಆಮೇಲೆ ನೀವು ಇಳೀರಿ."

ಆದರೆ ಒಂದು ಮಾತು ಒಪ್ಪಲೇಬೇಕು. ನಮ್ಮ ವಂಶದಲ್ಲಿ ಕೊನೆಯ ಪಂಕ್ತಿಯವರಿಗೂ ಬಿಸಿ ಹುಳಿ ಸಿಕ್ಕ ಮದುವೆ ಅದೊಂದೇ!

ಈ ವ್ರತಕ್ಕೆ ಸಿಕ್ಕಿಬಿದ್ದವರು ಅತ್ತೆ. ಗಂಡ ಪರದೇಶದಲ್ಲಿದ್ದಾಗ ಬಾಡಿಗೆ ಮನೆಯ ಹೊಗೆಗೂಡಿನಂಥ ಅಡುಗೆಮನೆಯಲ್ಲಿ ಬೇಯಿಸಿ ಬಡಿಸುತ್ತ, ಸ್ವಂತ ಮನೆಯ ಆಸೆಯೊಂದನ್ನೇ ಹಿಡಿದು ಕಾದಿದ್ದವರು. ಮಾವ ಬಂದವರೇ ಗುಬ್ಬಿಯ ಊರಂಚಿನಲ್ಲಿ ಸೈಟೇನೋ ಕೊಂಡರು. ಮನೆ? ಮೊದಲು ಬಾವಿ. ಆಮೇಲೆ ಲಾರಿ ಹೂತುಕೊಳ್ಳದಂಥ ದಾರಿ. ಸೈಟು ತಗ್ಗಿನಲ್ಲಿದ್ದುದರಿಂದ ಆಮೇಲೆ ಮೋರಿ. ಅಷ್ಟರಲ್ಲಿ ಅಕ್ಕಪಕ್ಕದವರೆಲ್ಲ ಮಾವನ ಬಾವಿಯ ನೀರಿನಲ್ಲಿ ಗಾರೆ ಕಲಸಿ, ಮಾವನ ದಾರಿಯಲ್ಲಿ ಇಟ್ಟಿಗೆ ಸಾಗಿಸಿ ಗೃಹಪ್ರವೇಶ ಮಾಡಿಕೊಂಡರು. ಎಲ್ಲದಕ್ಕೂ ಮಾವನೇ ಮುಖ್ಯ ಅತಿಥಿ! ಕಬ್ಬಿಣದ ಅಂಗಡಿಯ ಸಾಬರಂತೂ, ಸಾರ್ ಇರೋದರಿಂದ ನಮ್ಮ ಬಡಾವಣೆ ಉದ್ಧಾರವಾಯಿತು ಎಂದು ಕೈಮುಗಿದರು. ಮಾವ ಹಿಗ್ಗಿದರು. ಅತ್ತೆ ನನ್ನ ಕಡೆ ತಿರುಗಿ, "ಎಲ್ಲಾರ್ಗೂ ಮನೆ ಆಯ್ತು, ನಮ್ಗೆ ಬಾವಿ ಆಯ್ತು ಕಣೋ" ಅಂದರು.

ಮೋರಿ ಅರ್ಧಕ್ಕೆ ಬಂದಿತ್ತು. ಎಂಬತ್ತಮೂರು ಮುಗಿದು ಹೊಸ ವರ್ಷ ಹುಟ್ಟಿದ ಬೆಳಿಗ್ಗೆ ನಾನು ಅವರ ಬಾಡಿಗೆ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದೆ. ನೈಜೀರಿಯಾದಲ್ಲಿ ಸೈನ್ಯ ಸರ್ಕಾರವನ್ನು ಕಿತ್ತುಹಾಕಿದೆ ಎಂದು ರೇಡಿಯೊ ಹೇಳಿತು. ಪೆಟ್ರೋಲಿನ ಬೆಲೆ ಬಿದ್ದು ಅಲ್ಲಿನ ಪಂಚವಾರ್ಷಿಕ ಯೋಜನೆ ಆಗಲೇ ಕುಂಟುತ್ತಿತ್ತು, ಈಗ ಮಲಗಿತು. ಮಾವ ರೇಡಿಯೊ ಆರಿಸಿದರು. ಬಡಗಣ ಸೀಮೆಯ ಒಣ ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಕೆಲಸವನ್ನು ತಾವೇ ಹಟಹಿಡಿದು ಆ ಯೋಜನೆಗೆ ಸೇರಿಸಿದ್ದಾಗಿ, ಇನ್ನು ಅದನ್ನು ಕೇಳುವವರಿಲ್ಲವೆಂದು ತಡೆದು ತಡೆದು ಹೇಳಿದರು. ಅವರ ತಟ್ಟೆಯ ಉಪ್ಪಿಟ್ಟು ಹಾಗೇ ಇತ್ತು. ಯಾವಾಗಲೂ ನಗಿಸುತ್ತಿದ್ದ ಆ ಮುಖ ನೋಡಿ ನಾನೂ ತಟ್ಟೆ ಕೆಳಗಿಟ್ಟೆ.

ಆಮೇಲೆ ಅತ್ತೆಯ ಕಡೆ ತಿರುಗಿದರು. "ಯೋಜನೆ ಅನ್ನೋದೇ ಸುಳ್ಳು ಕಣೇ. ನಾಳೆ ಮೇಸ್ತ್ರಿನ ಕರೆಸ್ತೀನಿ. ಮೋರಿ ಗೀರಿ ಏನೂ ಬೇಡ, ನಿನ್ನ ಮನೆ ಎದ್ಬಿಡ್ಲಿ."

ಈ ಮಾತಿಗಾಗಿ ಅತ್ತೆ ಎಷ್ಟು ವರ್ಷ ಕಾದಿದ್ದರು! ಈಗಲೇ ಎದ್ದು ಪಂಚಾಂಗ ತರುತ್ತಾರೆ ಅಂದುಕೊಂಡೆ. ಅವರು ಸೆರಗಿಗೆ ಕೈ ಒರೆಸಿಕೊಂಡು ಮಾವನ ಪಕ್ಕ ನೆಲದ ಮೇಲೆ ಕೂತರು.

"ಮೋರಿ ಇಲ್ದೆ ಕಟ್ಟಿದ್ರೆ ಮಳೆ ನೀರು ಒಳಕ್ಕೆ ನುಗ್ಗಲ್ವಾ? ನೀವು ಮಾಡಿರೋ ಯೋಜನೆ ಸರಿಯಾಗೇ ಇದೆ ಕಣ್ರೀ. ಮೊದ್ಲು ಮೋರಿ ಮುಗಿಸಿ. ಅಲ್ಲೀವರ್ಗೂ ನಾನು ಈ ಮನೇಲೇ ಇರ್ತೀನಿ."

ನಮ್ಮ ಮನೆತನದ ಗಂಡಸರು ಹೆಂಡತಿಯ ಕೈ ಹಿಡಿಯುವುದು ಧಾರೆಯ ದಿನ ಒಮ್ಮೆ ಮಾತ್ರ. ಮಾವ ಅವತ್ತು ನನ್ನೆದುರಿಗೇ ಅತ್ತೆಯ ಕೈ ಹಿಡಿದುಕೊಂಡರು, ಎಷ್ಟು ಹೊತ್ತಾದರೂ ಬಿಡಲಿಲ್ಲ.