ಚಾರ್ಜ್ ಎಂಬ ಪದವೂ ಇನ್‌ಚಾರ್ಜ್ ಮೇಷ್ಟರೂ

ಇಂಗ್ಲಿಷ್ ಭಾಷೆಯ ಮೇಲೆ ನನಗೆ ದ್ವೇಷವೇನಿಲ್ಲ, ಭಯ ಮಾತ್ರ ಇದೆ. ನಾನು ಬೆಟ್ಟದಪುರದ ಕಡೆಯವನು, ಕನ್ನಡ ಮೇಷ್ಟರು. ಎಚ್.ಡಿ. ಕೋಟೆ ತಾಲ್ಲೂಕಿನ ಕಾಡಂಚಿನ ಒಂದು ಶಾಲೆಯಲ್ಲಿ ಹಳೆಗನ್ನಡದ ಪದ್ಯಗಳನ್ನು ರಾಗವಾಗಿ ಓದಿಕೊಂಡು ಸುಖವಾಗಿದ್ದೆ. ಹೆಡ್‌ಮೇಷ್ಟರು ನಿವೃತ್ತರಾದರು, ಇಂಗ್ಲಿಷ್ ಟೀಚರು ಹೆರಿಗೆ ರಜೆಗೆ ಹೋದರು. ಬೀಗದ ಕೈ, ಬಿಸಿಯೂಟದ ಅಕ್ಕಿ, ಇಂಗ್ಲಿಷ್ ಪಾಠ ಮೂರೂ ಒಟ್ಟಿಗೆ ನನ್ನ ತಲೆಗೆ ಬಂದವು. ನನ್ನ ಹೆಂಡತಿ ಮಾತ್ರ ಊರಿಗೆಲ್ಲ ಫೋನ್ ಮಾಡಿ, "ಇವರೀಗ ಇನ್‌ಚಾರ್ಜ್ ಹೆಡ್‌ಮಾಸ್ಟರು" ಎಂದು ಹೇಳಿಕೊಂಡಳು.

ಆ ಪದವೇ ಒಂದು ದಿನ ಪಾಠವಾಯಿತು. "ಇನ್‌ಚಾರ್ಜ್ ಅಂದ್ರೆ ಏನ್ ಸಾ?" ಎಂದು ಮಕ್ಕಳು ಕೇಳಿದರು. ನಾನು ಗಂಟಲು ಸರಿಮಾಡಿಕೊಂಡು, ಮೊದಲು ಚಾರ್ಜ್ ಎಂದರೇನು ಅಂತ ನೀವೇ ಹೇಳಿ ಎಂದೆ. ಉತ್ತರ ಗೊತ್ತಿಲ್ಲದ ಮೇಷ್ಟರೆಲ್ಲ ಮಾಡುವ ಕೆಲಸವೇ ಅದು. ಆದರೆ ಮಕ್ಕಳಿಗೆ ಗೊತ್ತಿತ್ತು! ಮೊಬೈಲಿಗೆ ಹಾಕೋದು ಚಾರ್ಜು, ಬಸ್ಸಿನಲ್ಲಿ ಕೊಡೋದು ಚಾರ್ಜು, ಜಗಳದಲ್ಲಿ ಪೊಲೀಸರು ಮಾಡೋದು ಲಾಠಿ ಚಾರ್ಜು, ಸೋಲಾರ್ ಬೇಲಿ ಮುಟ್ಟಿದರೆ ಜುಮ್ಮೆನ್ನೋದೂ ಚಾರ್ಜು. ಏಳನೇ ಕ್ಲಾಸಿನ ಸೌಮ್ಯಳ ಅಪ್ಪ ಅರಣ್ಯ ಇಲಾಖೆಯ ವಾಚರ್. ಅವಳು ಎದ್ದು ನಿಂತು, "ಆನೆ ಮೈಮೇಲೆ ನುಗ್ಗಿಬಂದ್ರೂ ಚಾರ್ಜು ಅಂತಾರೆ ಸಾ" ಎಂದಳು. ನನಗೆ ಖುಷಿಯೋ ಖುಷಿ. ನನಗೆಂದು ಉಳಿದದ್ದು ಒಂದೇ ಅರ್ಥ. "ಒಬ್ಬರನ್ನು ನೋಡಿಕೊಳ್ಳುವ ಹೊಣೆಗೂ ಚಾರ್ಜ್ ಅಂತಾರೆ. ಈ ಶಾಲೆಯ ಹೊಣೆ ನನ್ನದು, ಅದಕ್ಕೇ ನಾನು ಇನ್‌ಚಾರ್ಜ್" ಎಂದು ಎದೆ ಉಬ್ಬಿಸಿ ಹೇಳಿದೆ.

ಎದೆ ಇಳಿಯುವ ಮೊದಲೇ ಬಾಗಿಲಲ್ಲಿ ಬೊಮ್ಮಜ್ಜಿ ನಿಂತಿದ್ದಳು. ಒಂದನೇ ಕ್ಲಾಸಿನ ಪುಟ್ಟಿಯ ಅಜ್ಜಿ, ಕಾಡಿನೊಳಗಿನ ಬುಡಕಟ್ಟು ಹಾಡಿಯಿಂದ ಬಂದವಳು. "ಪುಟ್ಟೀನ ಕರ್ಕೊಂಡೋಯ್ತೀನಿ ಸಾ. ಇನ್ಮೇಲೆ ಕಳ್ಸಕಿಲ್ಲ. ಹಾದೀಲಿ ಆನೆ ಲದ್ದಿ ಇನ್ನೂ ಬಿಸಿ ಅದೆ" ಎಂದಳು. ಪುಟ್ಟಿ ಆಗಷ್ಟೇ ತನ್ನ ಹೆಸರು ಬರೆಯಲು ಕಲಿತಿದ್ದಳು. ಪಕ್ಕದ ಕೋಣೆಯಿಂದ ಓಡಿಬಂದು, ಸ್ಲೇಟನ್ನು ಎದೆಗವಚಿಕೊಂಡು ಅಳತೊಡಗಿದಳು. ನನಗೆ ಸಂಕಟವಾಯಿತು. "ಬೇಡ ಅಜ್ಜಿ, ಸಂಜೆ ನಾನೇ ಜೊತೆಯಲ್ಲಿ ಬಂದು ಬಿಡ್ತೀನಿ. ಆಮೇಲೆ ಯೋಚನೆ ಮಾಡು" ಎಂದುಬಿಟ್ಟೆ. ಅಜ್ಜಿ ನನ್ನ ಹೊಟ್ಟೆಯನ್ನೂ ಹೊಳೆಯುವ ಶೂಗಳನ್ನೂ ನೋಡಿ, ಪುಟ್ಟಿಯನ್ನು ಅಲ್ಲೇ ಬಿಟ್ಟು ಹೋದಳು.

ಸಂಜೆ ಬೈಕನ್ನು ಶಾಲೆಯಲ್ಲೇ ಬಿಟ್ಟು, ಕೊಡೆ ಹಿಡಿದು ಎಲ್ಲರಿಗಿಂತ ಮುಂದೆ ನಿಂತೆ. ಕೊಡೆ ಯಾಕೆಂದು ಕೇಳಬೇಡಿ, ಆನೆಗೆ ತೋರಿಸಲು ನನ್ನ ಬಳಿ ಬೇರೇನೂ ಇರಲಿಲ್ಲ. "ಸಾ, ಬ್ಯಾಗಲ್ಲಿ ಏನದೆ?" ಎಂದು ಸೌಮ್ಯ ಕೇಳಿದಳು. ಯಾರೋ ಪೋಷಕರು ಪ್ರೀತಿಯಿಂದ ಕೊಟ್ಟಿದ್ದ ಹಲಸಿನ ತೊಳೆಗಳಿದ್ದವು. ಮಕ್ಕಳೆಲ್ಲ ಒಟ್ಟಿಗೆ "ಅಯ್ಯೋ!" ಎಂದರು. ಹಲಸಿನ ವಾಸನೆಗೆ ಆನೆ ಎಲ್ಲಿಂದಲಾದರೂ ಬರುತ್ತದಂತೆ. ಸೌಮ್ಯ ಹಣ್ಣನ್ನು ಅಲ್ಲೇ ಎಲ್ಲರಿಗೂ ಹಂಚಿ, ಬೋರ್‌ವೆಲ್ ಹತ್ತಿರ ಎಲ್ಲರ ಕೈಬಾಯಿ ತೊಳೆಸಿ, ನನ್ನ ಬ್ಯಾಗನ್ನು ಸ್ಟಾಫ್ ರೂಮಿನಲ್ಲಿಟ್ಟು ಬೀಗ ಹಾಕಿಸಿದಳು. ಆಮೇಲೆ ಸಾಲು ಕಟ್ಟಿಸಿದಳು. ಆ ಹಾಡಿಯ ಮಕ್ಕಳ ಪದ್ಧತಿ ಹಾಗೆ: ದೊಡ್ಡವರು ಮುಂದೆ ಮತ್ತು ಹಿಂದೆ, ಚಿಕ್ಕವರು ನಡುವೆ. ಬಿದಿರು ಮೆಳೆ ಬಂದ ಮೇಲೆ ಮಾತಿಲ್ಲ. ಮುಂದಿನವಳು ಕೈ ಎತ್ತಿದರೆ ಎಲ್ಲರೂ ನಿಲ್ಲಬೇಕು.

"ಸಾ, ನೀವು ಅಲ್ಲಲ್ಲ. ನಡೂಕೆ ಬನ್ನಿ."

ಹೋದೆ. ನನ್ನ ಹಿಂದೆ ಎರಡನೇ ಕ್ಲಾಸು, ಮುಂದೆ ನನ್ನ ಬೆರಳು ಹಿಡಿದ ಪುಟ್ಟಿ. ಮೆಳೆಯ ಹತ್ತಿರ ಏನೋ ಲಟಕ್ಕೆಂದಿತು. ಸೌಮ್ಯಳ ಕೈ ಮೇಲೆ ಹೋಯಿತು. ಅಷ್ಟೂ ಮಕ್ಕಳು ಕಲ್ಲಿನಂತೆ ನಿಂತರು. ಬೆಳಗಿನ ಪ್ರಾರ್ಥನೆಯಲ್ಲಿ ನಾನು ಗಂಟಲು ಹರಿದುಕೊಂಡರೂ ಸಿಗದ ಶಿಸ್ತು ಅದು! ಅವರನ್ನು ನೋಡಿ ಹೆಮ್ಮೆಯಿಂದ ಕಣ್ಣು ತುಂಬಿತು. ಕಾಲು ಮಾತ್ರ ಆಗಲೇ ಶಾಲೆಯ ಕಡೆ ತಿರುಗಿತ್ತು. ಪುಟ್ಟಿ ನನ್ನ ಬೆರಳನ್ನು ಅಮುಕಿ, "ಓಡ್ಬಾರ್ದು ಸಾ" ಎಂದು ಪಿಸುಗುಟ್ಟಿದಳು. ಸ್ವಲ್ಪ ಹೊತ್ತಿಗೆ ಮುಸುವ ಕೋತಿಯೊಂದು ಕೊಂಬೆಯಿಂದ ಹಾರಿಹೋಯಿತು. ಕೈ ಇಳಿಯಿತು, ನಡೆದೆವು.

ದಿನಾ ಆ ಹೊತ್ತಿಗೆ ಕೂಲಿಯಲ್ಲಿರುತ್ತಿದ್ದ ಬೊಮ್ಮಜ್ಜಿ ಅಂದು ಹಾಡಿಯ ಬಾಯಲ್ಲೇ ಕಾಯುತ್ತಿದ್ದಳು. ಸಾಲಿನಲ್ಲಿ ಯಾರು ಎಲ್ಲಿದ್ದಾರೆಂದು ನಿಧಾನವಾಗಿ ನೋಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಸೌಮ್ಯಳನ್ನು ಕೇಳಿದಳು, "ದಿನಾ ಹಿಂಗೇ ಕರ್ಕೊಂಬತ್ತೀಯೇನವ್ವ?"

"ಊಂ ಕಣಜ್ಜಿ. ಚಿಕ್ಕೋರ್ನೆಲ್ಲ ನಡೂಕೇ ಹಾಕ್ಕತೀವಿ."

ಅಜ್ಜಿಯ ಮುಖ ಅರಳಿತು. "ಅಂಗಾದ್ರೆ ಪುಟ್ಟಿ ನಾಳೆ ಬತ್ತಾಳೆ ಬುಡಿ ಸಾ" ಎಂದಳು. ನನಗೆ ಅವಳ ಕಾಲಿಗೆ ಬೀಳುವಷ್ಟು ಸಂತೋಷವಾಯಿತು. ಅಷ್ಟರಲ್ಲಿ ಅಜ್ಜಿ ಇಳಿಯುತ್ತಿದ್ದ ಬಿಸಿಲನ್ನೂ, ನನ್ನನ್ನೂ, ನನ್ನ ಕೊಡೆಯನ್ನೂ ನೋಡಿ ಮಕ್ಕಳ ಕಡೆ ತಿರುಗಿದಳು:

"ಅದ್ಸರಿ, ಈಗ ಈ ಮೇಷ್ಟ್ರನ್ನ ವಾಪಸ್ ಬುಟ್ಟುಬರೋಕೆ ಯಾರೋಯ್ತೀರ್ಲಾ?"

ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಪುಟ್ಟಿ.