ಗುಲಾಬಿ ಪಟ್ಟಿಯ ಗಂಡ

ನನ್ನ ಹೆಂಡತಿ ಮಾಳವಿಕಾಳಿಗೆ ನನ್ನ ಕೈಕೆಲಸದ ಮೇಲೆ ಎಳ್ಳಷ್ಟೂ ನಂಬಿಕೆಯಿಲ್ಲ. ಮಡಿಕೇರಿಯ ಹೈಸ್ಕೂಲಿನಲ್ಲಿ ಹನ್ನೊಂದು ವರ್ಷದಿಂದ ರೇಖಾಗಣಿತ ಕಲಿಸುವ ನನಗೆ ಮನೆಯಲ್ಲಿ ಒಂದು ಕ್ಯಾಲೆಂಡರ್ ನೆಟ್ಟಗೆ ತೂಗುಹಾಕಲು ಬರುವುದಿಲ್ಲ ಎಂಬುದು ಅವಳ ದೂರು. (ಗೋಡೆಯೇ ಸೊಟ್ಟ ಎಂದರೆ ಕೇಳುವವರಾರು?)

ಬಸುರಿನ ಏಳನೇ ತಿಂಗಳಿಗೆ ಅವಳಿಗೆ ಸೊಂಟನೋವು ಶುರುವಾಯಿತು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಡಾಕ್ಟರು ನಮ್ಮನ್ನು ಫಿಸಿಯೋಥೆರಪಿಸ್ಟ್ ಪೂಜಿತಾ ಅವರ ಬಳಿ ಕಳಿಸಿದರು. ಆಕೆ ಗುಲಾಬಿ ಬಣ್ಣದ, ಎಳೆದರೆ ಹಿಗ್ಗುವ ಅಂಟುಪಟ್ಟಿಯನ್ನು ಬೆನ್ನಿಗೆರಡು, ಹೊಟ್ಟೆಯ ಕೆಳಗೊಂದು, ಪಕ್ಕೆಗೆರಡು ಅಂಟಿಸಿದರು. ವಾಪಸು ಮೆಟ್ಟಿಲಿಳಿಯುವಾಗ ಮಾಳವಿಕಾ ನನ್ನ ಕೈ ಹಿಡಿಯಲಿಲ್ಲ. ಸಿಟ್ಟಿನಿಂದಲ್ಲ, ಅಗತ್ಯವೇ ಬೀಳಲಿಲ್ಲ!

"ನಾಲ್ಕೈದು ದಿನ ಇರ್ತದೆ. ಆಮೇಲೆ ಹೊಸತು ಹಾಕ್ಬೇಕು," ಎಂದಿದ್ದರು ಪೂಜಿತಾ.

ಅಂದರೆ ಸರಿಯಾಗಿ ಸೀಮಂತದ ಭಾನುವಾರ! ಅಂದು ಕ್ಲಿನಿಕ್ಕಿಗೆ ರಜೆ, ಇವಳಿಗೆ ಹೋಮದ ಮುಂದೆ ಎರಡು ಗಂಟೆ ಕೂರುವ ಶಿಕ್ಷೆ. ನಾನು ವೀರಾವೇಶದಿಂದ ಪೂಜಿತಾ ಅವರಲ್ಲಿ ಶಿಷ್ಯವೃತ್ತಿ ಕೈಗೊಂಡು ವಿದ್ಯೆ ಕಲಿತು ಬಂದೆ.

"ನನ್ನ ಬೆನ್ನೇನು ನಿಮ್ಮ ಕರಿಹಲಗೆಯಾ ಮಾರಾಯ್ರೆ?" ಎಂದಳು ಮಾಳವಿಕಾ. "ಮೊದಲು ನಿಮ್ಮ ಹೊಟ್ಟೆಗೆ ಹಾಕಿ ತೋರ್ಸಿ. ನೆಟ್ಟಗಿದ್ರೆ ಮತ್ತೆ ನೋಡುವ."

ನನ್ನ ಹೊಟ್ಟೆಯೂ ಕಡಿಮೆಯದಲ್ಲ. ಯಾವ ಡಾಕ್ಟರ ಲೆಕ್ಕಕ್ಕೂ ಸಿಗದೆ ಐದು ತಿಂಗಳ ಗಾತ್ರದಲ್ಲಿ ನಿಂತುಬಿಟ್ಟಿದೆ. ಶನಿವಾರ ಮಧ್ಯಾಹ್ನ ಕನ್ನಡಿಯ ಮುಂದೆ ನಿಂತು ಕೆಳಗೊಂದು, ಪಕ್ಕೆಗೆರಡು ಅಂಟಿಸಿಕೊಂಡೆ. ಅವಳು ಸ್ಕೇಲು ಹಿಡಿದು ಅಳೆದು, "ಪಾಸು" ಎಂದಳು.

ತೆಗೆಯಲು ಹೋದಾಗಲೇ ನನ್ನ ಮೈಯ ಕೇಶರಾಶಿ ನೆನಪಾದದ್ದು. ಒಂದಂಗುಲ ಎಳೆದದ್ದಕ್ಕೆ ಹದಿನಾಲ್ಕು ಲೋಕಗಳೂ ಕಂಡವು. ಇರಲಿ, ನಾಳೆ ಹೋಮಕ್ಕೆ ಹೊದೆಯುವ ಶಲ್ಯ ಹೇಗೂ ಮುಚ್ಚುತ್ತದೆ ಎಂದು ಬಿಟ್ಟುಬಿಟ್ಟೆ.

ಭಾನುವಾರ ಬೆಳಿಗ್ಗೆ ಅವಳಿಗೆ ಹೊಸ ಪಟ್ಟಿ ಹಾಕಿದೆ. ಹೋಮ ಅರ್ಧ ಮುಗಿದರೂ ಅವಳು ಗರ್ಭಗುಡಿಯ ವಿಗ್ರಹದಂತೆ ಕೂತಿದ್ದಳು. ನನ್ನ ಕಡೆ ಬಾಗಿ, "ನೋವೇ ಇಲ್ಲ ನೋಡಿ. ಚಂದ ಹಾಕಿದ್ದೀರಿ," ಎಂದು ಪಿಸುಗುಟ್ಟಿದಳು.

ಮದುವೆಯಾದಾಗಿನಿಂದ ನನಗೆ ಸಿಕ್ಕ ಮೊದಲ ಹೊಗಳಿಕೆ! ಹೆಮ್ಮೆಯಿಂದ ಎದೆ ಉಬ್ಬಿತು. ಎದೆ ಉಬ್ಬಿದ ರಭಸಕ್ಕೆ ಶಲ್ಯ ಜಾರಿತು.

ಗಜಾನನ ಭಟ್ಟರ ಮಂತ್ರ ಗಕ್ಕನೆ ನಿಂತಿತು. ಕುಟ್ಟದಿಂದ ಬಂದಿದ್ದ ನನ್ನ ಸೋದರತ್ತೆ ತ್ರಿಪುರಸುಂದರಿ ಕನ್ನಡಕ ಏರಿಸಿದರು. ಅವರಿಗೆ ಕಿವಿ ಮಂದ, ಗಂಟಲು ಭರ್ಜರಿ.

"ಎಂತದು ವಿಷ್ಣು, ಹೊಟ್ಟೆಗೆ?"

"ಮಾಳವಿಕಾಳ ಸೊಂಟನೋವಿಗೆ, ಅತ್ತೆ!"

"ನೋವು ಅವಳಿಗೆ, ಪಟ್ಟಿ ನಿಂಗಾ? ನಿಂಗೆಷ್ಟನೇ ತಿಂಗಳು?"

ನೆರೆದವರೆಲ್ಲ ಹೊಟ್ಟೆ ಹಿಡಿದುಕೊಂಡರು. ನಾನೂ ಹಿಡಿದುಕೊಂಡೆ, ಮುಚ್ಚಲು. ಅತ್ತೆ ಬಿಡುವವರಲ್ಲ. ನನ್ನನ್ನು ಪಕ್ಕದ ಕೋಣೆಗೆ ಎಳೆದೊಯ್ದು, ತೆಂಗಿನೆಣ್ಣೆ ಸವರಿ, ಪಟ್ಟಿಯ ತುದಿ ಹಿಡಿದು ಮೆಲ್ಲನೆ ಎಳೆದರು. ನಾನು ಹಾಕಿದ ಕೂಗಿಗೆ ಅಡುಗೆಯವರೂ ಸೌಟು ಹಿಡಿದು ಓಡಿಬಂದರು.

ಅತ್ತೆ ಹೊರಬಂದು ಎಲ್ಲರಿಗೂ ಕೇಳುವಂತೆ ಸಾರಿದರು: "ಭಟ್ಟರೇ, ಹೆದರ್ಲಿಕ್ಕಿಲ್ಲ, ಹೆರಿಗೆ ಸುಸೂತ್ರ ಆಗ್ತದೆ. ಹೆರುದು ಇವಳು, ಇವನಲ್ಲ!"

"ತಥಾಸ್ತು," ಎಂದು ಭಟ್ಟರು ಅಕ್ಷತೆ ಎರಚಿದರು. ಎಲ್ಲರಿಗಿಂತ ಜೋರಾಗಿ ನಕ್ಕವಳು, ಸೊಂಟ ನೆಟ್ಟಗೆ ಮಾಡಿ ಕೂತಿದ್ದ ನನ್ನ ಹೆಂಡತಿ.