ಇಂಟರ್ವಲ್ ಪ್ರಭಾಕರರಾಯರು

ಮದುವೆಯಾದ ಹದಿನೆಂಟು ವರ್ಷಗಳಲ್ಲಿ ಭಾನುಮತಿಬಾಯಿ ಗಂಡನ ಜೊತೆ ನಲವತ್ತೊಂದು ಸಿನಿಮಾ ನೋಡಿದ್ದರು. ಒಂದರ ಕೊನೆಯನ್ನೂ ಕಂಡಿರಲಿಲ್ಲ.

ಅವರ ಯಜಮಾನರಾದ ಪ್ರಭಾಕರರಾಯರು ನಾಶಿಕದ ಒಂದು ಬ್ಯಾಂಕಿನಲ್ಲಿ ಹೆಡ್ ಕ್ಲಾರ್ಕು. ಊರು ಬಾಗಲಕೋಟೆ. ಟಾಕೀಸಿನಲ್ಲಿ ಮಧ್ಯಂತರದ ದೀಪ ಹತ್ತಿದ್ದೇ ತಡ, ಅವರು ಎದ್ದು ನಿಂತು, ಅಂಗಿಯ ಚುಂಗು ಜಗ್ಗಿ ಸರಿಮಾಡಿಕೊಂಡು, "ಏಳು, ಮುಗೀತು" ಎನ್ನುವರು.

"ಇನ್ನೂ ಅರ್ಧ ಅದ ಅಲ್ರೀ!"

"ಉಳಿದರ್ಧ ನನಗ ಗೊತ್ತದ. ತಂಗಿ ಸಿಗ್ತಾಳ, ಮಾವ ಜೇಲಿಗೆ ಹೋಗ್ತಾನ. ಅದನ್ನ ನೋಡಲಿಕ್ಕೆ ತಗಣಿ ಕಡಿಸಿಕೋತ ಕೂಡಬೇಕೇನು?"

ಭಾನುಮತಿಬಾಯಿ ಕೈಯಲ್ಲಿನ ಶೇಂಗಾ ಪೊಟ್ಟಣ ಸುಲಿದು ಮುಗಿಸುವ ಮೊದಲೇ ಬೀದಿಗೆ ಬಂದಿರುತ್ತಿದ್ದರು. ಅವರ ತಲೆಯೊಳಗೆ ನಲವತ್ತೊಂದು ನಾಯಕಿಯರು ಗಂಡನನ್ನು ಕಳೆದುಕೊಂಡು, ಸುಳ್ಳು ಆರೋಪ ಹೊತ್ತು, ಮಳೆಯಲ್ಲಿ ನೆನೆಯುತ್ತ ಹಾಗೇ ನಿಂತಿದ್ದರು. ಪಾಪ, ಒಬ್ಬಳನ್ನೂ ಮನೆಗೆ ಮುಟ್ಟಿಸಲು ಆಗಿರಲಿಲ್ಲ.

ಈ ವಿದ್ಯೆಯ ಮೂಲ ಬಾಗಲಕೋಟೆಯಲ್ಲಿತ್ತು. ಕಾಲೇಜು ಓದುವಾಗ ಪ್ರಭಾಕರ ಮತ್ತು ಅವನ ಜೀವದ ಗೆಳೆಯ ಮುದ್ದಣ್ಣ ಇಬ್ಬರೂ ಸೇರಿ ಒಂದೇ ಟಿಕೀಟು ಕೊಳ್ಳುತ್ತಿದ್ದರು. ಮೊದಲರ್ಧ ಪ್ರಭಾಕರನದು. ಮಧ್ಯಂತರದಲ್ಲಿ ಅವನು ಹೊರಬಂದು ಗೇಟ್ ಪಾಸನ್ನು ಮುದ್ದಣ್ಣನ ಕೈಗಿಟ್ಟರೆ ಉಳಿದರ್ಧ ಮುದ್ದಣ್ಣನದು. ಆಟ ಬಿಟ್ಟ ಮೇಲೆ ಇಬ್ಬರೂ ಹೊಳೆದಂಡೆಯ ಕಟ್ಟೆಯ ಮೇಲೆ ಕೂತು ಸಿನಿಮಾ ಜೋಡಿಸುತ್ತಿದ್ದರು. ಪ್ರಭಾಕರ ತಾನು ಕಂಡದ್ದನ್ನು ಹೇಳಿ, "ಮುಂದ ಹಿಂಗಿಂಗ ಆಗಿರಬೇಕು ನೋಡು" ಎಂದು ಕೊನೆಯನ್ನೂ ತಾನೇ ಹೇಳುವನು. ಮುದ್ದಣ್ಣ ಬಾಯಿ ಒರೆಸಿಕೊಂಡು, "ಹೌದಲೇ ಪಬ್ಯಾ, ನೀ ಹೇಳಿದಂಗ ಆತು" ಎನ್ನುವನು. ನಾಲ್ಕು ವರ್ಷ, ನೂರಾರು ಸಿನಿಮಾ, ಒಮ್ಮೆಯೂ ತಪ್ಪಲಿಲ್ಲ! ಇಂಥ ದಿವ್ಯದೃಷ್ಟಿ ಇರುವವನು ಉಳಿದರ್ಧವನ್ನು ಏಕೆ ನೋಡಬೇಕು, ನೀವೇ ಹೇಳಿ. (ಆ ಕಟ್ಟೆ ಈಗ ಹಿನ್ನೀರಿನ ಅಡಿಯಲ್ಲಿದೆ. ಅದರ ಮೇಲೆ ಮೀನು ಕೂತು ಏನು ಮಾತಾಡುತ್ತವೋ ಗೊತ್ತಿಲ್ಲ.)

ಎಂಬತ್ತೇಳನೆಯ ಇಸವಿಯ ಚಳಿಗಾಲದಲ್ಲಿ ಹುಬ್ಬಳ್ಳಿಯ ಹಂಚಿಕೆದಾರನೊಬ್ಬ ಎರಡು ಹೊಸ ಕನ್ನಡ ಸಿನಿಮಾಗಳ ಪೆಟ್ಟಿಗೆ ಕಟ್ಟಿಕೊಂಡು ಮಹಾರಾಷ್ಟ್ರದ ಕನ್ನಡ ಸಂಘಗಳ ಕಡೆ ಹೊರಟ. ಆಗಿನ ಕಾಲಕ್ಕೆ ಇದು ಸಣ್ಣ ಸುದ್ದಿಯಲ್ಲ. ಪರಊರಿನಲ್ಲಿ ವರ್ಷಕ್ಕೊಮ್ಮೆ ಕನ್ನಡ ಸಿನಿಮಾ ಬಂದರೆ ಜನ ಮನೆಮಂದಿಯೆಲ್ಲ ಇಸ್ತ್ರಿ ಬಟ್ಟೆ ಹಾಕಿಕೊಂಡು ಮದುವೆಗೆ ಹೋದಂತೆ ಹೋಗುತ್ತಿದ್ದರು. ಔರಂಗಾಬಾದಿನ ಸಂಘದವರು (ಊರಿಗೆ ಆಗ ಅದೇ ಹೆಸರು, ಸಂಭಾಜಿನಗರವೆಂದು ಆದದ್ದು ಎಷ್ಟೋ ವರ್ಷದ ಮೇಲೆ) ಎರಡನ್ನೂ ಒಂದೇ ಭಾನುವಾರ ತೋರಿಸುವುದೆಂದು ಗೊತ್ತುಮಾಡಿದರು. ನಾಶಿಕದ ಸಂಘಕ್ಕೆ ಟಾಕೀಸಿನವರು ಕೊಟ್ಟದ್ದು ಒಂದೇ ಬೆಳಗಿನ ಆಟ. ಎರಡರಲ್ಲಿ ಯಾವುದು?

"ಪ್ರಭಾಕರರಾಯರು ಹೋಗಿ ನೋಡಿ ಬರಲಿ" ಎಂದರು ಹರಿದಾಸ ಶೆಟ್ಟರು. ಶೆಟ್ಟರದು ಉಡುಪಿ ಕಡೆಯ ಸಸ್ಯಾಹಾರಿ ಹೋಟೆಲು. ನಾಶಿಕದ ಕನ್ನಡಿಗರಿಗೆ ಅದೇ ಕಚೇರಿ, ಅದೇ ತವರುಮನೆ. ಸಿನಿಮಾದ ದಿನ ಬಂದವರಿಗೆಲ್ಲ ಉಪ್ಪಿಟ್ಟು, ಕಾಫಿ ತಮ್ಮದೆಂದು ಅವರು ಮೊದಲೇ ಹೇಳಿದ್ದರು. "ಆದರೆ ಒಂದು ಮಾತು ಮಾರಾಯ್ರೆ. ನನ್ನ ಅತ್ತೆ ಊರಿಂದ ಬರ್ತಾರೆ. ಮೊದಲ ಸಲ ಅಳಿಯನ ಮರ್ಯಾದೆ ನೋಡ್ಲಿಕ್ಕೆ ಬರೂದು. ಸಂಸಾರಸ್ಥರು ಕೂತು ನೋಡುವಂಥದ್ದು ಆಗ್ಬೇಕು."

"ನಾ ಇರೂತನಕ ಆ ಚಿಂತಿ ಬ್ಯಾಡ್ರಿ" ಎಂದರು ರಾಯರು. ಬರುವ ತಿಂಗಳು ಸಂಘದ ಅಧ್ಯಕ್ಷರ ಆಯ್ಕೆಯಿತ್ತು. ಈ ತೀರ್ಪು ಸರಿಹೋದರೆ ಕುರ್ಚಿ ತಮಗೇ ಎಂಬುದು ಅವರಿಗೂ ಗೊತ್ತಿತ್ತು, ಅವರ ಹೊಸ ಸಫಾರಿ ಹೊಲಿದ ದರ್ಜಿಗೂ ಗೊತ್ತಿತ್ತು.

ಶನಿವಾರ ಕೆಂಪು ಬಸ್ಸು ಹತ್ತಿ, ಯೇವಲೆ, ವೈಜಾಪುರ ದಾಟಿ, ಗಂಡಹೆಂಡತಿ ಮೈತುಂಬ ಧೂಳು ತುಂಬಿಕೊಂಡು ಔರಂಗಾಬಾದಿಗೆ ಇಳಿದರು. ಅಲ್ಲಿ ಸಂಘದ ಕಾರ್ಯದರ್ಶಿ ಯಾರು? ಅದೇ ಮುದ್ದಣ್ಣ! ಕೇಂದ್ರ ಸರಕಾರದ ನೌಕರಿ ಅವನನ್ನು ಊರೂರು ತಿರುಗಿಸಿ ತಂದು ಅಲ್ಲಿ ಕೂರಿಸಿತ್ತು. ಹೆಂಡತಿ ಕುಸುಮಾವತಿ ಜೋಳದ ರೊಟ್ಟಿ, ಎಣ್ಣೆಗಾಯಿ ಮಾಡಿ ಕಾದಿದ್ದಳು.

ಭಾನುವಾರ ಬೆಳಗಿನ ಸಿನಿಮಾ ಅಣ್ಣತಮ್ಮಂದಿರದು. ಮೂವರು ತಮ್ಮಂದಿರು, ದೇವರಂಥ ಅಣ್ಣ. ಅಣ್ಣ ದಿನಾ ತಾಯಿಯ ಕಾಲು ತೊಳೆದೇ ಊಟಕ್ಕೆ ಕೂರುವವನು. ಮಧ್ಯಂತರದ ಹೊತ್ತಿಗೆ ಅವನು ದುಡಿಮೆಗೆಂದು ಪರಊರಿಗೆ ಹೊರಟ, ಬಸ್ಸಿನ ಹಿಂದೆ ತಾಯಿ ಓಡಿದಳು, ದೀಪ ಹತ್ತಿತು. ರಾಯರು ಕಿಸೆಯಿಂದ ವಹಿ ತೆಗೆದು ಬರೆದರು: "ಉತ್ತಮ. ಕೌಟುಂಬಿಕ. ಸ್ವೀಕೃತ." ಅಭ್ಯಾಸದಂತೆ ಅಂಗಿ ಜಗ್ಗಿಕೊಂಡು ಹೆಂಗಸರ ಸಾಲಿನ ಕಡೆ ಕೈಮಾಡಿದರು. ಭಾನುಮತಿಬಾಯಿ ಕುಸುಮಾವತಿಯ ತೋಳು ಹಿಡಿದುಕೊಂಡು ಪರದೆಯನ್ನೇ ನೋಡುತ್ತ ಕೂತಿದ್ದರು. ಪರದೆಯ ಮೇಲೆ ಆಗ ಇದ್ದದ್ದು ಹಲ್ಲುಪುಡಿಯ ಜಾಹೀರಾತು. ಆದರೂ ಕಣ್ಣು ತೆಗೆಯಲಿಲ್ಲ. ನಾಲ್ಕು ಮಂದಿಯಲ್ಲಿ ಕೂಗಿ ಕರೆಯುವುದು ಹೇಗೆ? ರಾಯರು ಒಬ್ಬರೇ ಹೊರಬಿದ್ದು ಚಹಾ ಕುಡಿದರು.

ಎರಡನೆಯದು ಕಳ್ಳನ ಸಿನಿಮಾ. ಹತ್ತು ನಿಮಿಷದಲ್ಲಿ ದೇವಸ್ಥಾನದ ಹುಂಡಿ ಒಡೆದ, ಇಪ್ಪತ್ತನೆಯ ನಿಮಿಷಕ್ಕೆ ಹೆಂಡದಂಗಡಿಯಲ್ಲಿ ಕುಣಿದ, ಮಧ್ಯಂತರಕ್ಕೆ ಸರಿಯಾಗಿ ಒಬ್ಬ ಮುದುಕನ ಕುತ್ತಿಗೆಗೆ ಚಾಕು ಇಟ್ಟ. "ಹೊಲಸು. ತಿರಸ್ಕೃತ" ಎಂದು ಬರೆಯುವಾಗ ರಾಯರ ಪೆನ್ನಿನ ಮೊನೆ ಹಾಳೆಯನ್ನೇ ಹರಿಯಿತು. ಭಾನುಮತಿಬಾಯಿ ಈ ಸಲವೂ ಏಳಲಿಲ್ಲ, ರಾಯರು ಒಬ್ಬರೇ ಹೊರಬಿದ್ದರು.

ಸಂಜೆ ಮುದ್ದಣ್ಣನನ್ನು ಕೇಳಿದರು. "ಮುದ್ದ್ಯಾ, ಮೊದಲನೇದರಾಗ ಅಣ್ಣ ಗಳಿಸಿಕೊಂಡು ತಿರುಗಿ ಬಂದು ತಾಯಿ ಕಾಲಿಗೆ ಬೀಳ್ತಾನ. ಎರಡನೇದರಾಗ ಕಳ್ಳಗ ಗಲ್ಲು ಆಗ್ತದ. ಖರೆ ಹೌದಿಲ್ಲೋ?"

ಮುದ್ದಣ್ಣ ದಿನವಿಡೀ ಗೇಟಿನಲ್ಲಿ ನಿಂತು ಕಾಲು ನೋಯಿಸಿಕೊಂಡಿದ್ದ. ಬಾಯಲ್ಲಿ ಭಜಿ ಇತ್ತು. "ಹೌದಲೇ ಪಬ್ಯಾ," ಎಂದ, "ನೀ ಹೇಳಿದಂಗ ಆತು."

ಮರುದಿನ ಬಸ್ಸಿನಲ್ಲಿ ಭಾನುಮತಿಬಾಯಿ ಮೆಲ್ಲಗೆ ಶುರುಮಾಡಿದರು. "ಅಲ್ರೀ, ಆ ಅಣ್ಣ ಅದಾನಲ್ಲ, ಅಂವ ಮುಂದ..."

"ನನಗ ಹೇಳಬ್ಯಾಡ."

"ಶೆಟ್ಟರ ಅತ್ತಿ ಬರ್ತಾರ ಅಂತ ಹೇಳ್ತೀನ್ರೀ. ಕಳ್ಳನ ಸಿನಿಮಾನೇ ಚಲೋ ಅದ. ಟಾಕೀಸಿಗೆ ಟಾಕೀಸೇ ಅತ್ತದ."

"ಅಳದs ಏನು ಮಾಡ್ತದ, ಅಷ್ಟು ಹೊಲಸು! ಮುದ್ದ್ಯಾ ಸಾಕ್ಷಿ ಅದಾನ. ಇಪ್ಪತ್ತಾರು ವರ್ಷದ ಸಾಕ್ಷಿ. ನೀ ನಿನ್ನೆ ಮೊದಲ್ನೇ ಸಲ ಉಳಿದರ್ಧ ನೋಡಿ ನನಗ ಪಾಠ ಹೇಳ್ತೀ?"

ಭಾನುಮತಿಬಾಯಿ ಕಿಟಕಿಯ ಕಡೆ ತಿರುಗಿದರು. ನಾಶಿಕದ ದ್ರಾಕ್ಷಿ ತೋಟ ಬರುವ ತನಕ ತಿರುಗಿಯೇ ಇದ್ದರು. ಆದರೆ ಮುಖದಲ್ಲಿ ಸಿಟ್ಟಿರಲಿಲ್ಲ. ಹದಿನೆಂಟು ವರ್ಷದ ಮೇಲೆ ಹೊಟ್ಟೆತುಂಬ ಉಂಡವರ ಸಮಾಧಾನವಿತ್ತು.

ಮುಂದಿನ ಭಾನುವಾರ ಮುದ್ದಣ್ಣನೇ ಪೆಟ್ಟಿಗೆ ತಂದ. ಟಾಕೀಸು ತುಂಬಿತು. ಮುಂದಿನ ಸಾಲಿನಲ್ಲಿ ಹರಿದಾಸ ಶೆಟ್ಟರು, ಅವರ ಹೆಂಡತಿ ಸರೋಜಿನಿ, ನಡುವೆ ಕಡುಹಸಿರು ಸೀರೆಯ ಅತ್ತೆ. ಅಣ್ಣ ತಾಯಿಯ ಕಾಲು ತೊಳೆದಾಗ ಅತ್ತೆ ಅಳಿಯನ ಕಡೆ ನೋಡಿ ತಲೆದೂಗಿದರು. ಶೆಟ್ಟರು ಹಿಂದೆ ತಿರುಗಿ ರಾಯರಿಗೆ ಕೈಮುಗಿದರು. ಮಧ್ಯಂತರದಲ್ಲಿ ಬಿಸಿ ಉಪ್ಪಿಟ್ಟು ಬಂತು. "ರಾಯರ ಆಯ್ಕೆ ಅಂದರ ಆಯ್ಕೆ!" ಎಂದರು ಎಲ್ಲರೂ. ರಾಯರು ಅಧ್ಯಕ್ಷರ ನಗೆ ನಕ್ಕು, ಅಂಗಿ ಜಗ್ಗಿಕೊಂಡು, ಅಭ್ಯಾಸದಂತೆ ಹೊರಗೆ ನಡೆದರು.

ಇಪ್ಪತ್ತು ನಿಮಿಷವಾಗಿರಬಹುದು. ಒಳಗಿಂದ ನಗೆಯ ಅಲೆ ಕೇಳಿತು. ತಾಯಿಯ ಕಾಲಿಗೆ ಬೀಳುವಾಗ ಏಕೆ ನಗುತ್ತಾರೆ ಎಂದು ರಾಯರು ಚಹಾದ ಕಪ್ಪು ಕೆಳಗಿಡುವಷ್ಟರಲ್ಲಿ ಬಾಗಿಲು ದಡಾರನೆ ತೆರೆದು ಶೆಟ್ಟರು ಹೊರಬಂದರು. ಹಿಂದೆ ಸರೋಜಿನಿ. ಅವರ ಹಿಂದೆ ಹಸಿರು ಸೀರೆ.

"ಎಂತದು ರಾಯರೆ ಇದು? ನಾನು ನಿನ್ನೆಯ ಸಾಂಬಾರಿಗೆ ನೀರು ಹಾಕಿ ಕೊಡುವವನ?"

"ಯಾರಂದ್ರು ಹಂಗ?"

"ನಿಮ್ಮ ಸಿನಿಮಾ! ಆ ಅಣ್ಣ ಪರಊರಿಗೆ ಹೋಗಿ ಎಂತ ಮಾಡಿದ ಗೊತ್ತುಂಟಾ? ಹೋಟೆಲು ಇಟ್ಟ! ಹಿಟ್ಟಿಗೆ ಬಟ್ಟೆ ಸೋಡಾ ಹಾಕಿದ! ಊರಲ್ಲೊಂದು ಹೆಂಡತಿ, ಇಲ್ಲೊಂದು ಹೆಂಡತಿ! ಮಕ್ಕಳೆಲ್ಲ ನನ್ನ ಕಡೆ ಕೈತೋರಿಸಿ 'ಹರಿದಾಸ್ ಕಾಕಾ, ಹರಿದಾಸ್ ಕಾಕಾ' ಅಂತ ಕೂಗ್ತಾ ಉಂಟು!"

ಅತ್ತೆ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. "ಇಲ್ಲಿ ಇನ್ನೊಬ್ಬಳು ಇದ್ದಾಳಾ ಸರೋಜಿನಿ?" ಎಂದು ಮಗಳನ್ನು ಕೇಳಿದರು.

ರಾಯರು ಒಳಗೆ ಓಡಿದರು. ನಾಲ್ಕು ದಶಕ ದಾಟಿದ ಬದುಕಿನಲ್ಲಿ ಅವರು ಕೊನೆಯ ತನಕ ನಿಂತು ನೋಡಿದ ಮೊದಲ ದ್ವಿತೀಯಾರ್ಧ ಅದು. ದೇವರಂಥ ಅಣ್ಣ ಪರದೆಯ ಮೇಲೆ ಎಂಜಲು ಚಟ್ನಿಯನ್ನು ಚಮಚೆಯಿಂದ ಗೋರಿ ಪಾತ್ರೆಗೆ ತುಂಬುತ್ತಿದ್ದ. ಅವನಿಗೆ ಸಾಲ ಕೊಟ್ಟು ಮಜಾ ಮಾಡುತ್ತಿದ್ದ ಲಂಚಕೋರನೊಬ್ಬನಿದ್ದ. ಅವನು ಬ್ಯಾಂಕಿನ ಹೆಡ್ ಕ್ಲಾರ್ಕು. ಸಫಾರಿ ಹಾಕಿದ್ದ.

ಮಧ್ಯಾಹ್ನ ಮನೆಯ ಜಮಖಾನೆಯ ಮೇಲೆ ರಾಯರು ಹೆಣದಂತೆ ಕೂತಿದ್ದರು. ಎದುರಿಗೆ ಮುದ್ದಣ್ಣ. ಒಳಗೆ ಭಾನುಮತಿಬಾಯಿ ಚಹಾಕ್ಕೆ ಶುಂಠಿ ಕುಟ್ಟುತ್ತಿದ್ದರು. ಅಧ್ಯಕ್ಷಗಿರಿ ಹೋದಂತೆಯೇ. ಶೆಟ್ಟರ ಹೋಟೆಲಿನ ಕಡೆ ಇನ್ನು ಮುಖ ತೋರಿಸುವಂತಿರಲಿಲ್ಲ.

"ಕಳ್ಳನ ಸಿನಿಮಾದಾಗ ಆ ಮುದುಕ ಹೋಟೆಲಿನಾಂವ ಇದ್ದ" ಎಂದರು ಭಾನುಮತಿಬಾಯಿ ಒಳಗಿನಿಂದಲೇ. "ಕುತ್ತಿಗಿಗೆ ಚಾಕು ಇಟ್ಟಾಗ 'ಮೊದಲು ಉಣ್ಣು, ಆಮ್ಯಾಲೆ ಚುಚ್ಚು' ಅಂತ ಬಡಿಸಿದ. ಕಳ್ಳ ಅತ್ತು, ಅಲ್ಲೇ ಅಡಿಗಿಯಾಂವ ಆದ. ಶೆಟ್ಟರು ನೋಡಿದ್ರ ನಿಮ್ಮನ್ನ ಹೆಗಲ ಮ್ಯಾಲೆ ಹೊತ್ತು ಕುಣೀತಿದ್ರು."

ರಾಯರು ಗೆಳೆಯನ ಮೇಲೆ ತಿರುಗಿದರು. "ನೀ ಯಾಕ 'ನೀ ಹೇಳಿದಂಗ ಆತು' ಅಂದಿ? ಬಾಗಲಕೋಟಿಯೊಳಗ ನಾ ಒಂದs ಒಂದು ಸಲ ತಪ್ಪೀನೇನು? ಹೇಳು ಆಕಿಗೆ!"

ಮುದ್ದಣ್ಣ ಜಮಖಾನೆಯ ಎಳೆ ಕೀಳತೊಡಗಿದ. "ಪಬ್ಯಾ, ಸಿಟ್ಟಾಗಬ್ಯಾಡ. ಬಾಗಲಕೋಟ್ಯಾಗ ನಾ ಒಳಗs ಹೋಗ್ತಿರಲಿಲ್ಲೋ."

"ಅಂದ್ರ?"

"ನೀ ಕೊಟ್ಟ ಪಾಸ್ ಗೇಟಿನಾಗ ಮಾರಿ, ಭೀಮವ್ವನ ಅಂಗಡ್ಯಾಗ ಗಿರಮಿಟ್ಟು, ಮಿರ್ಚಿ ಭಜಿ ತಿಂತಿದ್ದೆ. ಹಾಸ್ಟೆಲಿನ ಊಟ ನಿನಗೂ ಗೊತ್ತೈತಲ್ಲ. ಆಟ ಬಿಟ್ಟ ಮ್ಯಾಲೆ ನೀ ಹೇಳಾಂವ, ನಾ ಹೂಂ ಅನ್ನಾಂವ. ನೀ ಎಷ್ಟು ಚಂದ ಹೇಳ್ತಿದ್ದೆಲೇ! ಸಿನಿಮಾಕ್ಕಿಂತ ಅದs ರುಚಿ ಇರ್ತಿತ್ತು."

ಒಳಗೆ ಶುಂಠಿ ಕುಟ್ಟುವ ಸಪ್ಪಳ ನಿಂತಿತು.

ರಾಯರ ಕಣ್ಣ ಮುಂದೆ ಆ ಹೊಳೆದಂಡೆಯ ಕಟ್ಟೆ, ಬಾಯಿ ಒರೆಸಿಕೊಳ್ಳುವ ಮುದ್ದಣ್ಣ, ಅವನ ಬೆರಳಿನ ಎಣ್ಣೆ ಎಲ್ಲ ಬಂದವು. ಎಣ್ಣೆ ಆಗಲೂ ಕಂಡಿತ್ತು. ಕೇಳಿರಲಿಲ್ಲ, ಅಷ್ಟೆ. ಸಿಟ್ಟು ಬರಬೇಕಿತ್ತು, ಏನು ಮಾಡಿದರೂ ಬರಲೊಲ್ಲದು. ಕೊನೆಗೆ ಸಣ್ಣ ದನಿಯಲ್ಲಿ ಕೇಳಿದರು:

"ಮುದ್ದ್ಯಾ, ಕಣ್ಣಿಲ್ಲದ ತಾಯಿದೊಂದು ಸಿನಿಮಾ ಇತ್ತು ನೆನಪದ? ಮಗ ಪಟ್ಟಣಕ್ಕ ಹೋಗಿದ್ದ. ಆಕಿಗೆ ಕಡೀಕೆ ಕಣ್ಣು ಬಂದ್ವು ಅಂತ ನಾ ಹೇಳಿದ್ದೆ. ಬಂದ್ವೋ ಇಲ್ಲೋ?"

"ಯಾರಿಗೆ ಗೊತ್ತೋ ಮಾರಾಯಾ."

ಇಪ್ಪತ್ತಾರು ವರ್ಷದಿಂದ ಕಣ್ಣು ತೆರೆದು ಮಗನನ್ನು ನೋಡುತ್ತಿದ್ದ ಆ ತಾಯಿ ರಾಯರ ಎದೆಯೊಳಗೆ ಒಮ್ಮೆಲೇ ಮತ್ತೆ ಕುರುಡಿಯಾದಳು.

ಭಾನುಮತಿಬಾಯಿ ಚಹಾದ ತಟ್ಟೆ ಹಿಡಿದು ಹೊರಗೆ ಬಂದು, ಇಬ್ಬರಿಗೂ ಕೊಟ್ಟು, ಎದುರಿಗೆ ಕೂತರು. "ಅದನ್ನ ನಾ ನೋಡೀನಿ. ಸಣ್ಣಾಕಿದ್ದಾಗ, ಗದಗಿನಾಗ, ನಮ್ಮವ್ವನ ಜೋಡಿ. ಪೂರ್ತಿ."

ರಾಯರು ಗೋಡೆ ಬಿಟ್ಟು ನೆಟ್ಟಗೆ ಕೂತರು. "ಹೌದೇನು? ಏನಾತು ಕಡೀಕೆ?"

"ಮಗ ತಿರುಗಿ ಬಂದ. ತಾಯಿ ಬಾಗಿಲದಾಗ ನಿಂತಿದ್ಲು. ಮಗ ಹತ್ರ ಬಂದ. ತಾಯಿ ಕೈ ಚಾಚಿದ್ಲು. ಮುಖ ಮುಟ್ಟಿದ್ಲು..."

ಮುದ್ದಣ್ಣ ಚಹಾ ಕುಡಿಯುವುದನ್ನು ನಿಲ್ಲಿಸಿದ. ರಾಯರ ಬಾಯಿ ತೆರೆದೇ ಇತ್ತು.

ಭಾನುಮತಿಬಾಯಿ ಎದ್ದು ನಿಂತು, ಸೀರೆಯ ಸೆರಗು ಜಗ್ಗಿ ಸರಿಮಾಡಿಕೊಂಡು ಹೇಳಿದರು:

"ಏಳ್ರಿ, ಮುಗೀತು."